ಕ್ರೆಡಿಟ್ ಕಾರ್ಡ್ ಬಾಕಿ ಮತ್ತು ಸಾಲ ತೀರಿಸಲು ಮನೆಯ ಬಜೆಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಎರಡು ಮೂರು ಕ್ರೆಡಿಟ್ ಕಾರ್ಡ್, ಒಂದು ಪರ್ಸನಲ್ ಲೋನ್, ಬೈಕ್ ಸಾಲ, ಅದರ ಮೇಲೆ ನೆಂಟರಿಂದ ತಂದ ಕೈಸಾಲ. ಸಂಬಳ ಬಂದ ಐದನೇ ದಿನಕ್ಕೆ ಖಾತೆ ಖಾಲಿ. ಇಂಥ ಮನೆಗಳಿಂದ ಬರುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ ಥರ ಇರುತ್ತವೆ. ಅವನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಲೆಕ್ಕಗಳನ್ನು ಬಿಡಿಸಿ ಬರೆದಿದ್ದೇನೆ, ನಿಮ್ಮ ಮನೆಯ ಅಂಕಿ ಹಾಕಿಕೊಂಡು ನೋಡಿ.

ಎಲ್ಲಿಂದ ಶುರು ಮಾಡಬೇಕು?

ಒಂದು ಬಿಳಿ ಹಾಳೆಯಿಂದ. ಯಾರಿಗೆ ಕೊಡಬೇಕು, ಎಷ್ಟು ಬಾಕಿ, ಬಡ್ಡಿ ಎಷ್ಟು, ತಿಂಗಳಿಗೆ ಎಷ್ಟು ಕಟ್ಟಬೇಕು, ಯಾವ ತಾರೀಕಿಗೆ. ಇಷ್ಟನ್ನು ಪ್ರತಿ ಸಾಲಕ್ಕೂ ಬರೆಯಿರಿ. ನೆನಪಿನಿಂದ ಬರೆಯಬೇಡಿ, ಸ್ಟೇಟ್‌ಮೆಂಟ್ ತೆಗೆದು ನೋಡಿ ಬರೆಯಿರಿ. ನೆನಪಿನಲ್ಲಿರುವ ಸಾಲ ಯಾವಾಗಲೂ ನಿಜಕ್ಕಿಂತ ಕಡಿಮೆ ಇರುತ್ತದೆ.

ಜನ ಬಿಟ್ಟುಬಿಡುವುದು ಸಣ್ಣವನ್ನು. ಫೋನ್ ತಗೊಂಡ ಇಎಂಐ, ಪೇ ಲೇಟರ್ ಆ್ಯಪ್‌ನ ಬಾಕಿ, ಅಂಗಡಿಯ ಉದ್ರಿ, ಅಡ ಇಟ್ಟ ಒಡವೆ, ಎತ್ತಿಯಾದ ಚೀಟಿಯ ಉಳಿದ ಕಂತು. ಇವೂ ಸಾಲವೇ. ಎಲ್ಲ ಬರೆದು ಕೂಡಿದ ಮೇಲೆ ಬರುವ ಮೊತ್ತ ನೋಡಿ ಎದೆ ಧಸಕ್ ಅನ್ನಬಹುದು. ಆದರೂ ಆ ಅಂಕಿ ಗೊತ್ತಿಲ್ಲದೆ ಮುಂದಿನ ಯಾವ ಲೆಕ್ಕವೂ ಆಗುವುದಿಲ್ಲ.

ಮನೆಯಲ್ಲಿ ಹೇಳಲೇಬೇಕಾ? ಹೆಂಡತಿಗೆ ಅರ್ಧ ಸಾಲದ ವಿಷಯ ಗೊತ್ತಿಲ್ಲ.

ಹೇಳಲೇಬೇಕು. ಈ ಪುಟದಲ್ಲಿ ಬೇರೇನೂ ಓದದಿದ್ದರೂ ಪರವಾಗಿಲ್ಲ, ಇದೊಂದನ್ನು ಮಾಡಿ. ಬಜೆಟ್ ಹಾಕುವವರು ಒಬ್ಬರು, ಖರ್ಚು ಮಾಡುವವರು ನಾಲ್ಕು ಜನ. ಮೂರು ಜನಕ್ಕೆ ಸಾಲದ ಸುದ್ದಿಯೇ ಗೊತ್ತಿಲ್ಲದಿದ್ದರೆ ಆ ಬಜೆಟ್ ಎರಡು ತಿಂಗಳೂ ನಿಲ್ಲುವುದಿಲ್ಲ. ಮಗಳು ಟ್ರಿಪ್‌ಗೆ ದುಡ್ಡು ಕೇಳುತ್ತಾಳೆ, ಅಪ್ಪ ಇಲ್ಲ ಅನ್ನಲಾರದೆ ಮತ್ತೆ ಕಾರ್ಡ್ ಉಜ್ಜುತ್ತಾನೆ. ಕೇಳಿದವಳದ್ದು ತಪ್ಪಲ್ಲ, ಅವಳಿಗೆ ಯಾರೂ ಹೇಳಿರಲಿಲ್ಲ.

ಮುಚ್ಚಿಟ್ಟ ಸಾಲಕ್ಕೆ ಇನ್ನೊಂದು ಕಷ್ಟ ಇದೆ. ಅದನ್ನು ಗುಟ್ಟಾಗಿಡಲು ಜನ ಜಾಸ್ತಿ ಬಡ್ಡಿಯ ದಾರಿ ಹಿಡಿಯುತ್ತಾರೆ. ಮನೆಯ ಒಡವೆ ಕೇಳಿದರೆ ವಿಷಯ ಗೊತ್ತಾಗುತ್ತದೆ ಅಂತ ಲೋನ್ ಆ್ಯಪ್ ಒತ್ತುತ್ತಾರೆ. ಅಣ್ಣನ ಹತ್ತಿರ ಕೇಳಿದರೆ ಅಪ್ಪನಿಗೆ ಮುಟ್ಟುತ್ತದೆ ಅಂತ ಮೀಟರ್ ಬಡ್ಡಿಯವನ ಬಾಗಿಲು ತಟ್ಟುತ್ತಾರೆ.

ಭಾನುವಾರ ತಿಂಡಿಯಾದ ಮೇಲೆ ಆ ಹಾಳೆಯನ್ನು ಮೇಜಿನ ಮೇಲಿಡಿ. ಮೊದಲ ಅರ್ಧ ಗಂಟೆ ಕೋಪ, ಅಳು ಇದ್ದೇ ಇರುತ್ತದೆ. ಹೆಂಡತಿಗೆ ಸಿಟ್ಟು ಬಂದರೆ ಅದು ನ್ಯಾಯವೇ, ವಾದಕ್ಕಿಳಿಯಬೇಡಿ. ಹೈಸ್ಕೂಲ್ ದಾಟಿದ ಮಕ್ಕಳಿದ್ದರೆ ಅವರನ್ನೂ ಕೂರಿಸಿಕೊಳ್ಳಿ.

ಪ್ರತಿ ತಿಂಗಳು ಮಿನಿಮಮ್ ಕಟ್ಟುತ್ತಿದ್ದೇನೆ. ಆದರೂ ಬಾಕಿ ಯಾಕೆ ಇಳಿಯುತ್ತಿಲ್ಲ?

ಕಾರ್ಡ್ ಸ್ಟೇಟ್‌ಮೆಂಟ್‌ನಲ್ಲಿ ಬಡ್ಡಿ ತಿಂಗಳ ಲೆಕ್ಕದಲ್ಲಿರುತ್ತದೆ. ಶೇ 3.5 ಅಂತ ಓದಿದಾಗ ಸಣ್ಣದಾಗಿ ಕಾಣುತ್ತದೆ. ವರ್ಷಕ್ಕೆ ಅದು ಶೇ 42. ಅದರ ಜೊತೆಗೆ ಆ ಬಡ್ಡಿಯ ಮೇಲೆ ಶೇ 18ರಷ್ಟು ಜಿಎಸ್‌ಟಿ ಬೀಳುತ್ತದೆ.

ಒಂದು ಲಕ್ಷ ಬಾಕಿ ಇದೆ ಅಂತಿಟ್ಟುಕೊಳ್ಳಿ. ತಿಂಗಳ ಬಡ್ಡಿ 3,500. ಜಿಎಸ್‌ಟಿ 630. ಒಟ್ಟು 4,130. ಮಿನಿಮಮ್ ಅಂತ ನೀವು 5,000 ಕಟ್ಟಿದಿರಿ. ಅಸಲಿನಲ್ಲಿ ಇಳಿದದ್ದು ಬರೀ 870 ರೂಪಾಯಿ. ಕಾರ್ಡ್ ಮತ್ತೆ ಮುಟ್ಟದೆ, ತಪ್ಪದೆ ತಿಂಗಳಿಗೆ 5,000 ಕಟ್ಟಿದರೂ ಆ ಒಂದು ಲಕ್ಷ ತೀರಲು 44 ತಿಂಗಳು ಬೇಕು. ಒಟ್ಟು ಕಟ್ಟುವುದು ಸುಮಾರು 2.16 ಲಕ್ಷ. ಅದೇ 8,000 ಕಟ್ಟಿದರೆ 18 ತಿಂಗಳು, ಸುಮಾರು 1.44 ಲಕ್ಷ. 12,000 ಕಟ್ಟಿದರೆ 11 ತಿಂಗಳು, ಸುಮಾರು 1.25 ಲಕ್ಷ. ತಿಂಗಳಿಗೆ ಮೂರು ಸಾವಿರ ಜಾಸ್ತಿ ಹಾಕಿದ್ದಕ್ಕೆ ಎರಡು ವರ್ಷ ಉಳಿಯಿತು ನೋಡಿ.

ಇನ್ನೊಂದು ಮಾತು ತುಂಬಾ ಜನಕ್ಕೆ ಗೊತ್ತಿಲ್ಲ. ಹಳೆ ಬಾಕಿ ಪೂರ್ತಿ ಕಟ್ಟದೆ ಉಳಿಸಿಕೊಂಡರೆ, ಹೊಸ ಖರೀದಿಗೆ ಸಿಗಬೇಕಾದ ಬಡ್ಡಿಯಿಲ್ಲದ ದಿನಗಳೂ ಹೋಗುತ್ತವೆ. ಇವತ್ತು ಕಾರ್ಡ್‌ನಲ್ಲಿ ತಂದ ಅಕ್ಕಿ ಬೇಳೆಗೆ ಇವತ್ತಿನಿಂದಲೇ ಬಡ್ಡಿ. ಹಾಗಾಗಿ ಬಾಕಿ ಇರುವ ಕಾರ್ಡನ್ನು ಇನ್ನು ಮುಟ್ಟಲೇಬೇಡಿ. ಪರ್ಸಿನಿಂದ ತೆಗೆಯಿರಿ. ಶಾಪಿಂಗ್ ಆ್ಯಪ್, ಊಟ ತರಿಸುವ ಆ್ಯಪ್, ಯುಪಿಐ, ಎಲ್ಲ ಕಡೆ ಸೇವ್ ಆಗಿರುವುದನ್ನು ಅಳಿಸಿ. ಎಟಿಎಂನಲ್ಲಿ ಕ್ರೆಡಿಟ್ ಕಾರ್ಡ್ ಹಾಕಿ ನಗದು ತೆಗೆಯುವುದಂತೂ ಬೇಡವೇ ಬೇಡ. ಅದಕ್ಕೆ ಮೊದಲ ದಿನದಿಂದ ಬಡ್ಡಿ, ಜೊತೆಗೆ ಬೇರೆ ಶುಲ್ಕ.

ಇಷ್ಟು ಬಡ್ಡಿ ಹಾಕಲು ಕಾನೂನಿನಲ್ಲಿ ಅವಕಾಶ ಇದೆಯಾ?

ಇದೆ. ವರ್ಷಕ್ಕೆ ಶೇ 30ಕ್ಕಿಂತ ಜಾಸ್ತಿ ಬಡ್ಡಿ ಹಾಕಬಾರದು ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. ಆ ಆದೇಶವನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 20ರಂದು ರದ್ದು ಮಾಡಿತು. ಕೋರ್ಟು ಬಡ್ಡಿ ಇಳಿಸುತ್ತದೆ ಅಂತ ಕಾಯಬೇಡಿ.

ಲೇಟ್ ಫೀಗೆ ಮಾತ್ರ ರಿಸರ್ವ್ ಬ್ಯಾಂಕ್ ಕಡಿವಾಣ ಹಾಕಿದೆ. ಕೊನೆ ದಿನ ಕಳೆದು ಮೂರು ದಿನಕ್ಕಿಂತ ಹೆಚ್ಚಾದ ಮೇಲಷ್ಟೇ ಅದನ್ನು ಹಾಕಬಹುದು. ಅದೂ ಕಟ್ಟದೆ ಉಳಿದ ಮೊತ್ತದ ಲೆಕ್ಕದಲ್ಲಿ, ಇಡೀ ಬಿಲ್ಲಿನ ಮೇಲಲ್ಲ. ತಪ್ಪು ಹಾಕಿದ್ದರೆ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ವಾಪಸ್ ಕೇಳಿ.

ಬಜೆಟ್ ಹೇಗೆ ಹಾಕುವುದು? ಒಂದು ಉದಾಹರಣೆ ಕೊಡಿ.

ಲೆಕ್ಕಕ್ಕೆ ಒಂದು ಮನೆ ತಗೊಳ್ಳೋಣ. ಮೈಸೂರಿನಲ್ಲಿ ಬಾಡಿಗೆ ಮನೆ. ಗಂಡ, ಹೆಂಡತಿ, ಒಂದು ಮಗು, ಅತ್ತೆ. ಕೈಗೆ ಬರುವ ಸಂಬಳ 62,000. ಬಾಡಿಗೆ 14,000. ದಿನಸಿ, ಹಾಲು, ತರಕಾರಿ 9,500. ಗ್ಯಾಸ್, ಕರೆಂಟ್, ನೀರು, ಫೋನ್ ಸೇರಿ 3,500. ಶಾಲೆಯ ಫೀಸು ಮತ್ತು ವ್ಯಾನ್, ತಿಂಗಳ ಪಾಲು 5,000. ಪೆಟ್ರೋಲ್, ಬಸ್ಸು 3,000. ಅತ್ತೆಯ ಮಾತ್ರೆ 2,000. ವಿಮೆ 2,000. ಒಟ್ಟು 39,000. ಪರ್ಸನಲ್ ಲೋನ್ ಮತ್ತು ಬೈಕಿನ ಕಂತು ಸೇರಿ 14,000. ಉಳಿದದ್ದು 9,000.

ಎರಡು ಕಾರ್ಡ್‌ಗಳಲ್ಲಿ ಒಟ್ಟು 2 ಲಕ್ಷ ಬಾಕಿ. ಮಿನಿಮಮ್ 10,000 ಅಂತ ಬಂದಿದೆ. ಅಲ್ಲಿಗೆ ಸಾವಿರ ರೂಪಾಯಿ ಕಡಿಮೆ ಬಿತ್ತು. ಆ ಸಾವಿರಕ್ಕೆ ದಿನಸಿ ಕಾರ್ಡ್‌ನಲ್ಲಿ ಬರುತ್ತದೆ, ಬಾಕಿ ಮತ್ತೆ ಏರುತ್ತದೆ. ದುಂದು ಮಾಡದ ಮನೆಗಳೂ ಸಿಕ್ಕಿಬೀಳುವುದು ಹೀಗೇ.

ಈಗ ಕತ್ತರಿ ಹಾಕಬೇಕು. ಕಾಫಿ ಬಿಡಿ, ಸಿನಿಮಾ ಬಿಡಿ ಅನ್ನುವ ಸಲಹೆ ನನಗೆ ಒಪ್ಪಿಗೆಯಿಲ್ಲ. ಅದರಿಂದ ಉಳಿಯುವುದು ಕಡಿಮೆ, ಮನೆಯಲ್ಲಿ ಜಗಳ ಜಾಸ್ತಿ. ದೊಡ್ಡ ಖರ್ಚುಗಳನ್ನು ನೋಡಿ: ಬಾಡಿಗೆ, ವಾಹನ, ಫೀಸು. ವಾರಕ್ಕೆ ಒಮ್ಮೆ ಓಡಿಸುವ ಎರಡನೇ ಗಾಡಿ ಇದ್ದರೆ ಮಾರಿ. ಹೆಂಡತಿ ಕೆಲಸಕ್ಕೆ ಆಟೋದಲ್ಲಿ ಹೋಗುತ್ತಿದ್ದರೆ, ಶಕ್ತಿ ಯೋಜನೆಯಲ್ಲಿ 2023ರ ಜೂನ್‌ನಿಂದ ಸರ್ಕಾರಿ ಸಾಮಾನ್ಯ ಬಸ್ಸು ಹೆಂಗಸರಿಗೆ ಉಚಿತ. ಸಾಲ ತೀರುವ ತನಕ ಆ ದಾರಿ ಹಿಡಿಯಬಹುದು. ಆಮೇಲೆ ಮೂರು ತಿಂಗಳ ಯುಪಿಐ ಹಿಸ್ಟರಿ ತೆಗೆದು, ಲೆಕ್ಕಕ್ಕೆ ಸಿಗದೆ ಹೋದದ್ದನ್ನೆಲ್ಲ ಕೂಡಿ. ನೂರು, ಇನ್ನೂರು ಅಂತ ಹೋದದ್ದೇ ತಿಂಗಳಿಗೆ ಒಂದೆರಡು ಸಾವಿರ ಇರಬಹುದು.

ಹೀಗೆ 3,000 ಸಿಕ್ಕಿತು ಅಂತಿಟ್ಟುಕೊಳ್ಳಿ. ಕಾರ್ಡ್‌ಗೆ 12,000 ಹೋಗುತ್ತದೆ. ಬರೀ 9,000 ಕಟ್ಟಿದ್ದರೆ ಐದು ವರ್ಷ ದಾಟುತ್ತಿತ್ತು, ಅದೂ ಬ್ಯಾಂಕ್ ಅಷ್ಟಕ್ಕೆ ಒಪ್ಪಿದ್ದರೆ. 12,000 ಕಟ್ಟಿದರೆ 29 ತಿಂಗಳು. ಇನ್ನೂ ಬೇಗ ಮುಗಿಸುವ ದಾರಿ ಮುಂದೆ ಒಡವೆಯ ಪ್ರಶ್ನೆಯಲ್ಲಿದೆ.

ಒಂದು ಎಚ್ಚರಿಕೆ: ವಿಮೆ ಮತ್ತು ಮಾತ್ರೆಯ ದುಡ್ಡಿಗೆ ಕೈ ಹಾಕಬೇಡಿ. ಆರೋಗ್ಯ ವಿಮೆ ನಿಂತ ತಿಂಗಳಲ್ಲೇ ಆಸ್ಪತ್ರೆ ಸೇರಿದರೆ ಈ ಲೆಕ್ಕವೆಲ್ಲ ಮಣ್ಣುಪಾಲು.

ಇಷ್ಟೊಂದು ಸಾಲದಲ್ಲಿ ಯಾವುದನ್ನು ಮೊದಲು ತೀರಿಸಬೇಕು?

ಬಡ್ಡಿ ಯಾವುದಕ್ಕೆ ಜಾಸ್ತಿಯೋ ಅದನ್ನು. ಉಳಿದವಕ್ಕೆ ಕಟ್ಟಲೇಬೇಕಾದಷ್ಟು ಕಟ್ಟಿ, ಮಿಕ್ಕಿದ್ದನ್ನೆಲ್ಲ ಅದಕ್ಕೇ ಹಾಕಿ. ಮೀಟರ್ ಬಡ್ಡಿ, ಲೋನ್ ಆ್ಯಪ್ ಇದ್ದರೆ ಅವೇ ಮೊದಲು, ಆಮೇಲೆ ಕಾರ್ಡ್, ಆಮೇಲೆ ಪರ್ಸನಲ್ ಲೋನ್. ಮನೆ ಸಾಲ ಕಡೆಗೆ. ಚಿಕ್ಕ ಸಾಲ ಮೊದಲು ತೀರಿಸಿದರೆ ಹುರುಪು ಬರುತ್ತದೆ ಅಂತ ಹೇಳುವವರಿದ್ದಾರೆ. ಎಂಟು ಹತ್ತು ಸಾವಿರದ ಬಾಕಿ ಒಂದಿದ್ದರೆ ಹಾಗೆ ಮಾಡಿ, ತಾರೀಕು ನೆನಪಿಡುವ ತಲೆನೋವಾದರೂ ಒಂದು ಕಮ್ಮಿಯಾಗುತ್ತದೆ. ಅದಕ್ಕಿಂತ ದೊಡ್ಡದಾದರೆ ಬಡ್ಡಿಯನ್ನೇ ನೋಡಿ.

ಬಡ್ಡಿಯಿಲ್ಲದ ಕೈಸಾಲ ಕೊಟ್ಟ ನೆಂಟರಿಗೆ ಖುದ್ದಾಗಿ ಹೋಗಿ ಹೇಳಿ: ಕಾರ್ಡ್ ತೀರುವ ತನಕ ತಿಂಗಳಿಗೆ ಇಷ್ಟೇ ಕೊಡಲು ಆಗುತ್ತದೆ ಅಂತ. ಸಾವಿರವಾದರೂ ತಪ್ಪದೆ ಕೊಡಿ. ಅವರು ಕೇಳುವ ತನಕ ಸುಮ್ನೆ ಇರಬೇಡಿ.

ಒಡವೆ ಅಡ ಇಟ್ಟು ಕಾರ್ಡ್ ತೀರಿಸಬಹುದಾ?

ಬಡ್ಡಿ ಲೆಕ್ಕ ನೋಡಿದರೆ ಹೌದು. ಮೇಲಿನ ಮನೆಯವರು 2 ಲಕ್ಷಕ್ಕೆ ವರ್ಷಕ್ಕೆ ಶೇ 12ರಂತೆ ಚಿನ್ನದ ಸಾಲ ತೆಗೆದು ಎರಡೂ ಕಾರ್ಡ್ ಚುಕ್ತಾ ಮಾಡಿದರು ಅಂತಿಟ್ಟುಕೊಳ್ಳಿ. ಅದೇ 12,000 ತಿಂಗಳಿಗೆ ಚಿನ್ನದ ಸಾಲಕ್ಕೆ ಕಟ್ಟಿದರೆ 19 ತಿಂಗಳಿಗೆ ಮುಗಿಯುತ್ತದೆ. ಬಡ್ಡಿ ಸುಮಾರು 20,000. ಕಾರ್ಡ್‌ಗೇ ಕಟ್ಟುತ್ತಾ ಹೋಗಿದ್ದರೆ ಬಡ್ಡಿ ಮತ್ತು ಜಿಎಸ್‌ಟಿ ಸೇರಿ 1.45 ಲಕ್ಷ ದಾಟುತ್ತಿತ್ತು.

ಆದರೆ ಒಡವೆ ಯಾರದ್ದೋ ಅವರು ಮನಸಾರೆ ಒಪ್ಪಬೇಕು. ತವರಿನಿಂದ ಬಂದ ಬಳೆಯನ್ನು ಗಂಡ ಸದ್ದಿಲ್ಲದೆ ಬ್ಯಾಂಕಿಗೆ ಒಯ್ಯುವುದು ಸಾಲಕ್ಕಿಂತ ದೊಡ್ಡ ಗಾಯ ಮಾಡುತ್ತದೆ. ಚಿನ್ನದ ಸಾಲಕ್ಕೆ ಸಾಮಾನ್ಯವಾಗಿ ಒಂದು ವರ್ಷದ ವಾಯಿದೆ. ಆಗಾಗ ಅಸಲಿಗೂ ಕಟ್ಟಲು ಅವಕಾಶವಿದೆಯೇ, ವರ್ಷ ತುಂಬಿದಾಗ ಮುಂದುವರಿಸಲು ಏನು ಮಾಡಬೇಕು, ಮೊದಲೇ ಕೇಳಿ. ಬರೀ ಕೊನೆಯಲ್ಲಿ ಕಟ್ಟಿದರಾಯಿತು ಅಂತ ಬಿಟ್ಟರೆ ಹರಾಜಿನ ನೋಟಿಸ್ ಬರುತ್ತದೆ. ಖಾಲಿಯಾದ ಕಾರ್ಡನ್ನು ಮತ್ತೆ ತುಂಬಿಸಿದರೆ ಒಡವೆಯೂ ಹೋಯಿತು, ಸಾಲವೂ ಎರಡಾಯಿತು. ಆ ಭರವಸೆ ಇಲ್ಲದಿದ್ದರೆ ಒಡವೆ ಕಪಾಟಿನಲ್ಲೇ ಇರಲಿ.

ಎಲ್ಲ ಸೇರಿಸಿ ಒಂದು ದೊಡ್ಡ ಪರ್ಸನಲ್ ಲೋನ್ ಮಾಡಿದರೆ ಹೇಗೆ? ಕಾರ್ಡ್ ಬಾಕಿಯನ್ನು ಇಎಂಐ ಮಾಡುತ್ತೇವೆ ಅಂತಲೂ ಫೋನ್ ಬರುತ್ತದೆ.

ಎರಡೂ ಒಳ್ಳೆಯ ದಾರಿಯಾಗಬಹುದು, ಬಡ್ಡಿ ನಿಜವಾಗಿ ಇಳಿದರೆ ಮಾತ್ರ. ಪ್ರೊಸೆಸಿಂಗ್ ಫೀ, ಜಿಎಸ್‌ಟಿ, ಮುಂಚೆ ತೀರಿಸಿದರೆ ಬೀಳುವ ಶುಲ್ಕ, ಮೂರನ್ನೂ ಕೇಳಿ ಬರೆದುಕೊಳ್ಳಿ. ವ್ಯಾಪಾರಕ್ಕಲ್ಲದ, ಬದಲಾಗುವ ಬಡ್ಡಿ ದರದ ಸಾಲವನ್ನು ವ್ಯಕ್ತಿಗಳು ಮುಂಚೆ ತೀರಿಸಿದರೆ ಬ್ಯಾಂಕ್ ದಂಡ ಹಾಕುವಂತಿಲ್ಲ. ಆದರೆ ಪರ್ಸನಲ್ ಲೋನ್‌ಗಳು ಹೆಚ್ಚಾಗಿ ಸ್ಥಿರ ದರದವು, ಅದಕ್ಕೆ ಈ ರಕ್ಷಣೆ ಸಿಗುವುದಿಲ್ಲ. ಕಂತು ಚಿಕ್ಕದು ಅಂತ ಐದು ವರ್ಷಕ್ಕೆ ಒಪ್ಪಬೇಡಿ. ತಡೆಯಲು ಆಗುವಷ್ಟು ಗಟ್ಟಿ ಕಂತು, ಆದಷ್ಟು ಕಮ್ಮಿ ಅವಧಿ, ಅದು ಸರಿ.

ಚೀಟಿ ನಡೀತಿದೆ. ಕೂಗಿ ಎತ್ತಲಾ?

ಎಷ್ಟು ಕಂತು ಆಗಿದೆ ಅನ್ನುವುದರ ಮೇಲೆ. ಮುಕ್ಕಾಲು ಕಂತು ಮುಗಿದಿದ್ದರೆ ಕೂಗಿನಲ್ಲಿ ಹೋಗುವುದು ಕಮ್ಮಿ. ಎತ್ತಿ ಕಾರ್ಡ್‌ಗೆ ಹಾಕುವುದು ಲಾಭ. ಈಗಷ್ಟೇ ಶುರುವಾದ ಚೀಟಿಯನ್ನು ತುಂಬಾ ಬಿಟ್ಟುಕೊಟ್ಟು ಎತ್ತಿದರೆ ನೀವು ಬಿಟ್ಟ ದುಡ್ಡೇ ಬಡ್ಡಿ. ಬಿಟ್ಟದ್ದು ಎಷ್ಟು, ಉಳಿದ ತಿಂಗಳು ಎಷ್ಟು, ಲೆಕ್ಕ ಹಾಕಿ ಕಾರ್ಡ್ ಬಡ್ಡಿಯ ಪಕ್ಕ ಇಟ್ಟು ನೋಡಿ.

ಎಫ್‌ಡಿ ಇದೆ. ಮುರಿಯಲು ಮನಸ್ಸಿಲ್ಲ.

ಮುರಿಯಿರಿ. ಒಂದು ಕಡೆ ಏಳು ಪರ್ಸೆಂಟ್ ಬರುವಾಗ ಇನ್ನೊಂದು ಕಡೆ ನಲವತ್ತೆರಡು ಹೋಗುತ್ತಿದೆ. ಒಂದು ತಿಂಗಳ ಮನೆ ಖರ್ಚಿನಷ್ಟು ಮಾತ್ರ ಉಳಿಸಿಕೊಳ್ಳಿ. ಇಲ್ಲದಿದ್ದರೆ ಮಗುವಿಗೆ ಜ್ವರ ಬಂದ ರಾತ್ರಿ ಮತ್ತೆ ಕಾರ್ಡೇ ಗತಿ.

ಹಬ್ಬ, ಮದುವೆ, ಮುಯ್ಯಿ ಬಂದಾಗ ಬಜೆಟ್ ಕೆಡುತ್ತದೆ. ಏನು ಮಾಡುವುದು?

ಇವು ದಿಢೀರ್ ಬರುವ ಖರ್ಚುಗಳಲ್ಲ. ಜೂನ್‌ನಲ್ಲಿ ಶಾಲೆ ಶುರುವಾಗುವುದು, ವರಮಹಾಲಕ್ಷ್ಮಿ, ಗೌರಿ ಗಣೇಶ, ದಸರಾ, ದೀಪಾವಳಿ, ಎಲ್ಲ ಕ್ಯಾಲೆಂಡರ್‌ನಲ್ಲಿ ಇದ್ದೇ ಇದೆ. ಹೋದ ವರ್ಷ ಇವಕ್ಕೆ ಹೋದದ್ದನ್ನು ಕೂಡಿ, ಅದರಲ್ಲಿ ಅರ್ಧ ಮಾಡಿ, ಹನ್ನೆರಡರಿಂದ ಭಾಗಿಸಿ. ಆ ಮೊತ್ತ ಪ್ರತಿ ತಿಂಗಳೂ ಬೇರೆ ಖಾತೆಗೆ ಹೋಗಲಿ. ಇಲ್ಲಿ ಮನೆಯ ಹೆಂಗಸರ ಲೆಕ್ಕವೇ ಸರಿ. ಯಾರ ಮನೆಗೆ ಎಷ್ಟು ಮುಯ್ಯಿ ಬರೆಯಬೇಕು ಅಂತ ಅವರಿಗೆ ಗೊತ್ತಿರುತ್ತದೆ. ನಮಗೆ ಸಾವಿರ ಬರೆದವರಿಗೆ ಸಾವಿರ ಬರೆದರೆ ಸಾಕು, ಐದು ಸಾವಿರದ ಬೆಳ್ಳಿ ದೀಪ ಬೇಕಿಲ್ಲ.

ಈ ತಿಂಗಳು ಕಂತು ಕಟ್ಟಲು ಆಗುವುದೇ ಇಲ್ಲ. ಈಗ?

ಕಂತಿನ ತಾರೀಕಿಗೆ ಮುಂಚೆ ಬ್ಯಾಂಕಿಗೆ ಹೋಗಿ. ಕೆಲಸ ಹೋಗಿದ್ದರೆ, ಆಸ್ಪತ್ರೆ ಖರ್ಚು ಬಂದಿದ್ದರೆ ಕಾಗದಪತ್ರ ಹಿಡಿದು ಮ್ಯಾನೇಜರ್ ಜೊತೆ ಮಾತಾಡಿ. ಅವಧಿ ಉದ್ದ ಮಾಡಿ ಕಂತು ಇಳಿಸಿಕೊಡಿ ಅಂತ ಬರವಣಿಗೆಯಲ್ಲಿ ಕೇಳಿ, ಒಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಎಲ್ಲರಿಗೂ ಸಿಗುತ್ತದೆ ಅಂತಲ್ಲ. ಆದರೆ ಮೂರು ಕಂತು ತಪ್ಪಿದ ಮೇಲೆ ಹೋದವರಿಗಿಂತ ಮೊದಲೇ ಹೋದವರ ಮಾತಿಗೆ ಬೆಲೆ ಜಾಸ್ತಿ. ಖಾತೆಯಲ್ಲಿ ದುಡ್ಡಿಲ್ಲದೆ ಆಟೋ ಡೆಬಿಟ್ ಬೌನ್ಸ್ ಆದರೆ ಖಾತೆ ಇರುವ ಬ್ಯಾಂಕು, ಸಾಲ ಕೊಟ್ಟವರು, ಎರಡೂ ಕಡೆ ಶುಲ್ಕ ಬೀಳುತ್ತದೆ.

ರಿಕವರಿಯವರು ಹೆದರಿಸುತ್ತಿದ್ದಾರೆ. ಜೈಲಿಗೆ ಹಾಕಿಸುತ್ತೇವೆ ಅನ್ನುತ್ತಾರೆ.

ದುಡ್ಡಿಲ್ಲದೆ ಸಾಲ ಕಟ್ಟಲಾಗದ್ದು ಅಷ್ಟರಿಂದಲೇ ಅಪರಾಧ ಆಗುವುದಿಲ್ಲ, ಅದು ಸಿವಿಲ್ ವ್ಯಾಜ್ಯ. ಆದರೆ ಚೆಕ್ ಕೊಟ್ಟು ಬೌನ್ಸ್ ಆದರೆ, ಮೋಸದ ದಾಖಲೆ ಕೊಟ್ಟಿದ್ದರೆ ಮಾತು ಬೇರೆ. ಆಟೋ ಡೆಬಿಟ್ ಬೌನ್ಸ್‌ಗೂ ಕ್ರಿಮಿನಲ್ ಕೇಸ್ ಹಾಕಲು ಕಾನೂನಿನಲ್ಲಿ ಅವಕಾಶವಿದೆ. ಕೋರ್ಟಿನಿಂದ ಯಾವ ಕಾಗದ ಬಂದರೂ ಅಸಡ್ಡೆ ಮಾಡಬೇಡಿ.

ರಿಸರ್ವ್ ಬ್ಯಾಂಕ್ ನಿಯಮದಂತೆ ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ಬೈಯುವಂತಿಲ್ಲ, ನೆಂಟರಿಗೆ, ಆಫೀಸಿನವರಿಗೆ ಹೇಳಿ ಮಾನ ಕಳೆಯುವಂತಿಲ್ಲ. ಫೋನ್ ಬಂದ ಸಮಯ, ನಂಬರ್, ಮೆಸೇಜ್ ಎಲ್ಲ ಉಳಿಸಿಡಿ. ಮೊದಲು ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ ಗ್ರಾಹಕರ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು, ಶುಲ್ಕವಿಲ್ಲ. ಮಾಹಿತಿಗೆ 14448. ಮನೆಗೆ ಬಂದು ಗಲಾಟೆ ಮಾಡಿದರೆ ಕಾಯಬೇಡಿ, ನೇರ ಪೊಲೀಸರಿಗೆ ಹೇಳಿ.

ಮೈಕ್ರೋ ಫೈನಾನ್ಸ್, ಮೀಟರ್ ಬಡ್ಡಿ, ಲೋನ್ ಆ್ಯಪ್‌ಗಳ ಕಾಟಕ್ಕೆ?

ಕರ್ನಾಟಕದಲ್ಲಿ 2025ರ ಫೆಬ್ರುವರಿಯಲ್ಲಿ ಕಿರು ಸಾಲ, ಸಣ್ಣ ಸಾಲದ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ಬಂತು, ಆಮೇಲೆ ಅದು ಕಾಯ್ದೆಯೂ ಆಯಿತು. ಕಿರುಕುಳ ಕೊಟ್ಟರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಆಗಬಹುದು. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಬ್ಯಾಂಕ್ ಮತ್ತು ಹಣಕಾಸು ಕಂಪನಿಗಳಿಗೆ ಇದು ಅನ್ವಯಿಸುವುದಿಲ್ಲ, ಅವರ ಮೇಲಿನ ದೂರಿಗೆ ಹಿಂದಿನ ಉತ್ತರದ ದಾರಿಯೇ. ಫೋಟೋ ತಿರುಚಿ ಬೆದರಿಸುವ ಆ್ಯಪ್‌ನವರ ಮೇಲೆ 1930ಕ್ಕೆ ಫೋನ್ ಮಾಡಿ ಸೈಬರ್ ದೂರು ಕೊಡಿ. ಅವರ ಬಾಯಿ ಮುಚ್ಚಿಸಲು ಇನ್ನೊಂದು ಆ್ಯಪ್‌ನಿಂದ ಸಾಲ ತೆಗೆಯಬೇಡಿ.

ಬ್ಯಾಂಕಿನವರು ಅರ್ಧ ಕಟ್ಟಿ ಸೆಟಲ್ ಮಾಡಿಕೊಳ್ಳಿ ಅಂತಾರೆ. ಒಪ್ಪಲಾ?

ಪೂರ್ತಿ ಕಟ್ಟುವ ದಾರಿ ಒಂದಾದರೂ ಇದ್ದರೆ ಬೇಡ. ಕ್ರೆಡಿಟ್ ರಿಪೋರ್ಟ್‌ನಲ್ಲಿ, ಅಂದರೆ ನಿಮ್ಮ ಸಾಲಗಳ ಇತಿಹಾಸದ ದಾಖಲೆಯಲ್ಲಿ, 'ಕ್ಲೋಸ್ಡ್' ಬದಲು 'ಸೆಟಲ್ಡ್' ಅಂತ ಕೂರುತ್ತದೆ. ವರ್ಷಗಟ್ಟಲೆ ಹೊಸ ಸಾಲ ಕಷ್ಟ. ದಾರಿಯೇ ಇಲ್ಲ ಅನ್ನುವಾಗ ಅದು ನಾಚಿಕೆಯ ಮಾತಲ್ಲ, ಒಪ್ಪಿ. ಬ್ಯಾಂಕಿನ ಲೆಟರ್‌ಹೆಡ್‌ನಲ್ಲಿ ಮೊತ್ತ, ತಾರೀಕು, ಇನ್ನು ಬಾಕಿ ಇರುವುದಿಲ್ಲ ಅನ್ನುವ ಮಾತು ಬರೆದು ಬಂದ ಮೇಲೆ ಮಾತ್ರ ಕಟ್ಟಿ. ಏಜೆಂಟನ ಕೈಗೆ ನಗದು ಕೊಡಬೇಡಿ. ಲೋಕ ಅದಾಲತ್‌ನಲ್ಲೂ ರಾಜಿ ಮಾಡಿಕೊಳ್ಳಬಹುದು, ಕೋರ್ಟ್ ಶುಲ್ಕ ಇಲ್ಲ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

ಅಪ್ಪ ತೀರಿಕೊಂಡರು. ಅವರ ಕಾರ್ಡ್ ಬಾಕಿ ನಾನು ಕಟ್ಟಬೇಕಾ?

ಅವರು ಬಿಟ್ಟುಹೋದ ಆಸ್ತಿಯಲ್ಲಿ ನಿಮಗೆ ಬಂದಷ್ಟಕ್ಕೆ ಮಾತ್ರ ಹೊಣೆ. ನಿಮ್ಮ ಸ್ವಂತ ಸಂಬಳದಿಂದ ಕಟ್ಟಬೇಕಿಲ್ಲ, ನೀವು ಜಾಮೀನು ಹಾಕದಿದ್ದರೆ ಅಥವಾ ಜಂಟಿಯಾಗಿ ಸಾಲ ಮಾಡಿರದಿದ್ದರೆ.

ರಾತ್ರಿ ನಿದ್ದೆ ಬರುತ್ತಿಲ್ಲ. ಬದುಕೇ ಬೇಡ ಅನ್ನಿಸುತ್ತಿದೆ.

ದಯವಿಟ್ಟು ಈಗಲೇ 14416ಕ್ಕೆ ಫೋನ್ ಮಾಡಿ. ಇದು ಟೆಲಿ ಮಾನಸ್, ಸರ್ಕಾರದ ಉಚಿತ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಯಾರನ್ನಾದರೂ ಎಬ್ಬಿಸಿ ಪಕ್ಕ ಕೂರಿಸಿಕೊಳ್ಳಿ. ಸಾಲಕ್ಕೆ ಮಾತುಕತೆ, ರಾಜಿ, ಕೋರ್ಟು ಅಂತ ಹತ್ತು ದಾರಿಗಳಿವೆ. ನಿಮ್ಮ ಮನೆಯವರಿಗೆ ನಿಮ್ಮ ಬದಲು ಇನ್ನೊಬ್ಬರು ಸಿಗುವುದಿಲ್ಲ.

ಒಂದು ಕಾರ್ಡ್ ಪೂರ್ತಿ ತೀರಿತು. ಮುಂದೇನು?

ಆ ಕಾರ್ಡ್‌ಗೆ ಕಟ್ಟುತ್ತಿದ್ದ ದುಡ್ಡು ಮುಂದಿನ ತಿಂಗಳಿಂದಲೇ ಎರಡನೇ ಸಾಲಕ್ಕೆ ಹೋಗಲಿ. ಖಾತೆಯಲ್ಲಿ ಉಳಿದರೆ ಖರ್ಚಾಗುತ್ತದೆ. ಕಾರ್ಡ್ ಬೇಡವಾದರೆ ಬರವಣಿಗೆಯಲ್ಲಿ ಮುಚ್ಚಲು ಹೇಳಿ. ಬಾಕಿ ಇಲ್ಲದಿದ್ದರೆ ಬ್ಯಾಂಕ್ 7 ಕೆಲಸದ ದಿನಗಳಲ್ಲಿ ಮುಚ್ಚಬೇಕು. ತಡ ಮಾಡಿದರೆ ದಿನಕ್ಕೆ 500 ರೂಪಾಯಿ ನಿಮಗೆ ಕೊಡಬೇಕು. ಬಾಕಿ ಇಲ್ಲ ಅನ್ನುವ ಪತ್ರ ಕೇಳಿ ಪಡೆಯಿರಿ, ಪರ್ಸನಲ್ ಲೋನ್ ಮುಗಿದಾಗಲೂ ಅಷ್ಟೇ. ಒಂದೆರಡು ತಿಂಗಳು ಬಿಟ್ಟು ಕ್ರೆಡಿಟ್ ರಿಪೋರ್ಟ್ ತೆಗೆದು ನೋಡಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್, ಈ ದಾಖಲೆ ಇಡುವ ನಾಲ್ಕೂ ಕಂಪನಿಗಳಲ್ಲಿ ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟ್ ಉಚಿತ. ತೀರಿದ ಸಾಲ ಇನ್ನೂ ಬಾಕಿ ಅಂತ ತೋರಿಸುತ್ತಿದ್ದರೆ ಆ ಪತ್ರ ಜೋಡಿಸಿ ದೂರು ಕೊಡಿ. 30 ದಿನದಲ್ಲಿ ಸರಿಮಾಡದಿದ್ದರೆ ಆಮೇಲೆ ದಿನಕ್ಕೆ 100 ರೂಪಾಯಿ ಪರಿಹಾರ ನಿಮ್ಮ ಹಕ್ಕು.